ಸೆರಗಲ್ಲಿ ಓಬವ್ವನ್ನ ನೇಯ್ಸಿ ಕೊಡ್ತೀರಾ?

"ಓಬವ್ವನ ಫೋಟೋ ವಾಟ್ಸಾಪ್ ಮಾಡ್ತೀನಿ, ಸೆರಗಲ್ಲಿ ಹಂಗೇ ನೇಯ್ಸಿ ಕೊಡಿ. ಎಷ್ಟಾಗುತ್ತೆ?"

ಚಿತ್ರದುರ್ಗದಲ್ಲಿ ಕೂತು ಬಟ್ಟೆ ವಿನ್ಯಾಸ ಮಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ನವೆಂಬರ್ ಬಂತೆಂದರೆ ಇನ್ನೂ ಜಾಸ್ತಿ. ಬಾಯಲ್ಲಿ ಹೇಳಿ ಸಾಕಾಗಿದೆ.

ನನಗೆ ಸಿಟ್ಟು ಬರುವುದು "ಹಂಗೇ" ಎಂಬ ಮಾತಿಗೆ. ಮಗ್ಗಕ್ಕೆ ಫೋಟೋ ಗೊತ್ತಿಲ್ಲ. ಹಾಸಿನ ಎಳೆ, ಅಂದರೆ ಉದ್ದಕ್ಕೆ ಬಿಗಿದ ಎಳೆ, ಏಳಬೇಕೋ ಬೇಡವೋ, ಅಷ್ಟೇ ಗೊತ್ತು. ಆ ಎಳೆಗಳನ್ನು ಎತ್ತುವ ಯಂತ್ರ ಜಕಾರ್ಡ್‌ನಲ್ಲಿ 240 ಹುಕ್, ಹುಕ್ಕಿಗೊಂದು ಎಳೆ, ಇಂಚಿಗೆ 80 ಎಳೆ ಅಂತಿಟ್ಟುಕೊಳ್ಳಿ. ಚಿತ್ರದ ಅಗಲ ಮೂರೇ ಇಂಚು. ಅದರೊಳಗೆ ಓಬವ್ವ, ಒನಕೆ, ಕಿಂಡಿ, ಸೈನಿಕ ಎಲ್ಲ ಬೇಕು! ಮುಖಕ್ಕೆ ಅರ್ಧ ಇಂಚು ಬಿಟ್ಟರೆ 40 ಎಳೆ, ಕಣ್ಣಿಗೆ ಐದಾರು. ಐದಾರು ಎಳೆಯಲ್ಲಿ ರೋಷ ಬರಲ್ಲ ಸಾರ್, ಮೆಳ್ಳೆಗಣ್ಣು ಬರುತ್ತೆ.

ಹೊಕ್ಕು, ಅಂದರೆ ಅಡ್ಡ ಎಳೆ, ಇಂಚಿಗೆ 60 ಇದ್ದರೆ, ಚೌಕ ಗ್ರಾಫಿನಲ್ಲಿ ಬರೆದ ದುಂಡು ಕುಂಕುಮ ಬಟ್ಟೆಯ ಮೇಲೆ ನಿಲ್ಲಿಸಿದ ಮೊಟ್ಟೆಯಾಗುತ್ತದೆ. ಅಡ್ಡಕ್ಕೆ 8 ಮನೆ, ಅಷ್ಟೇ ಎತ್ತರಕ್ಕೆ 6 ಮನೆ ಬರುವ ಗ್ರಾಫೇ ಬೇಕು. ಆರಿಂಚು ಎತ್ತರಕ್ಕೆ 360 ಸಾಲು, ಸಾಲಿಗೊಂದು ತೂತು ಹೊಡೆದ ಕಾರ್ಡ್. ಒಂದು ತೂತು ತಪ್ಪಿದರೆ ಚಿತ್ರ ಬಂದಲ್ಲೆಲ್ಲ ಅದೇ ತಪ್ಪು. ಜರಿ ಕಾಲಿಂಚಿಗಿಂತ ಉದ್ದ ತೇಲಿದರೆ ಬಳೆಗೆ ಸಿಕ್ಕಿ ಎದ್ದು ಬರುತ್ತದೆ. ಅದಕ್ಕೇ ನಡುನಡುವೆ ಹಾಸಿನ ಎಳೆಯಿಂದ ಹಿಡಿಸಬೇಕು. ಹಿಡಿಸಿದಲ್ಲೆಲ್ಲ ಚುಕ್ಕಿ. ಓಬವ್ವನ ಕೆನ್ನೆಗೆ ಸಿಡುಬು.

ಮುಖವೇ ಬೇಕಾದರೆ ಪ್ರಿಂಟ್ ಮಾಡಿಸಿ, ಬೇಜಾರಿಲ್ಲ. ನೇಯಲೇಬೇಕೆಂದರೆ ಬರೀ ಒನಕೆ ಕೇಳಿ. ಇಲ್ಲವೇ ಕೋಟೆ ಕೇಳಿ. ಗಾರೆಯಿಲ್ಲದೆ ಕೂಡಿಸಿದ ಆ ಕಲ್ಲುಗಳ ಸಂದು ಮೆಟ್ಟಿಲು ಮೆಟ್ಟಿಲಾಗಿದೆ, ಮಗ್ಗಕ್ಕೆ ಚೆನ್ನಾಗಿ ಒಗ್ಗುತ್ತದೆ. ಮೊಳಕಾಲ್ಮೂರಿನಲ್ಲಿ ಒಡಲಿಗೊಂದು, ಅಂಚುಗಳಿಗೆರಡು ಲಾಳಿ ಓಡಿಸಿ, ಅಂಚಿನ ಬಣ್ಣ ಒಡಲಿಗೆ ದಾಟದಂತೆ ನೇಯುತ್ತಾರೆ. ಆ ಎರಡು ಬಣ್ಣ ಕೂಡುವ ಗೆರೆಯನ್ನೇ ಕೋಟೆಗೋಡೆಯ ತಲೆಯ ಹಲ್ಲುಹಲ್ಲು ತೆನೆಯಾಗಿಸಬಹುದು. ಸೆರಗಿಗೆ ಏಳು ಪಟ್ಟೆ. ದುರ್ಗದವರು ಎಣಿಸಿದ ಕೂಡಲೇ ನಗುತ್ತಾರೆ, ಉಳಿದವರಿಗೆ ಚೆಂದದ ಪಟ್ಟೆ.

ನೇಯ್ದದ್ದನ್ನು ತೂಗುಹಾಕುವುದು ಹೇಗೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಚಳ್ಳಕೆರೆ ಕಂಬಳಿ ಕೊಂಡು, ಹೋಟೆಲ್ ಗೋಡೆಗೆ ನಾಲ್ಕು ಮೊಳೆ ಹೊಡೆದು ಬಿಡುತ್ತಾರೆ. ಭಾರವೆಲ್ಲ ನಾಲ್ಕು ತೂತಿನ ಮೇಲೆ. ವರ್ಷದಲ್ಲಿ ತೂತು ಹರಿದು ನಡು ಜೋತುಬೀಳುತ್ತದೆ. ಎರಡಿಂಚಿನ ವೆಲ್ಕ್ರೋವನ್ನು ಮೊದಲು ಒಗೆದ ಹತ್ತಿಪಟ್ಟಿಗೆ ಹೊಲಿಯಿರಿ. ಆ ಪಟ್ಟಿಯನ್ನು ಕಂಬಳಿಯ ಹಿಂದೆ, ಮೇಲಂಚಿನ ಉದ್ದಕ್ಕೂ ಕೈಹೊಲಿಗೆ ಹಾಕಿ. ವೆಲ್ಕ್ರೋದ ಜೋಡಿ ಗೋಡೆಯ ಮರದ ರೀಪಿಗೆ. ಕಂಬಳಿಗೂ ಗೋಡೆಗೂ ನಡುವೆ ಒಂದಿಂಚು ಗಾಳಿಯಾಡಲಿ. ಕಂಬಳಿಯ ಹಾಸಿನ ಎಳೆಗೆ ಹುಣಸೆಬೀಜದ ಗಂಜಿ ಬಳಿದಿರುತ್ತಾರೆ, ಮೇಲೆ ಉಣ್ಣೆ ಬೇರೆ. ಹುಳುಗಳಿಗೆ ಹಬ್ಬದೂಟ! ತಿಂಗಳಿಗೊಮ್ಮೆ ಇಳಿಸಿ ಎರಡೂ ಮಗ್ಗುಲು ಕೊಡವಿ. ರೇಷ್ಮೆಗೆ ಬೆಳಕೇ ಶತ್ರು. ಮ್ಯೂಸಿಯಂಗಳಲ್ಲಿ ಬೆಳಕಿನ ಅಳತೆ 50 ಲಕ್ಸ್ ದಾಟಿಸುವುದಿಲ್ಲ, ನಮ್ಮವರು ಕಿಟಕಿ ಎದುರೇ ತೂಗಿ ಮೇಲೊಂದು ಸ್ಪಾಟ್‌ಲೈಟ್ ಬಿಡುತ್ತಾರೆ.

ಎಷ್ಟಾಗುತ್ತೆ ಅಂದಿರಲ್ಲ? ಎಷ್ಟಿಂಚು, ಎಷ್ಟು ಸೀರೆ, ಮೊದಲು ಅದು ಹೇಳಿ. ಒಂದೇ ಸೀರೆಗೆ ಅಂದರೆ ಆ 360 ಕಾರ್ಡಿನ ಖರ್ಚೂ ಅದರ ತಲೆಗೇ.