ಥಿಂಕ್‌ಪ್ಯಾಡ್ ಟಿ480ರ ಬ್ಯಾಟರಿ ಬದಲಾವಣೆ: ಒಳಗೆ ಒರಿಜಿನಲ್, ಹೊರಗೆ ಕಂಪ್ಯಾಟಿಬಲ್

ಹಳೆಯ ಲ್ಯಾಪ್‌ಟಾಪ್, ಲೆನೊವೊದ ಥಿಂಕ್‌ಪ್ಯಾಡ್ ಟಿ480 ಒಂದನ್ನು ಇನ್ನೂ ಕೆಲವು ವರ್ಷ ನೆಚ್ಚಿಕೊಳ್ಳಬಹುದಾದ ಸ್ಥಿತಿಗೆ ತರುವ ಕೆಲಸದಲ್ಲಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಬದಲಾವಣೆ ಮುಗಿದು, ಈಗ ಬ್ಯಾಟರಿಯ ಸರದಿ ಬಂದಿದೆ. 2018ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿಯಲ್ಲಿ ಎರಡು ಬ್ಯಾಟರಿಗಳಿಗೆ ಜಾಗವಿದೆ. 24 ವ್ಯಾಟ್ ಅವರ್‌ನ (ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ ಇದು) ಒಂದು ಬ್ಯಾಟರಿ ದೇಹದ ಒಳಗೇ ಇರುತ್ತದೆ. ಹಿಂಬದಿಯಲ್ಲಿ ಕಳಚಿ ಹಾಕಬಹುದಾದ ಇನ್ನೊಂದು 24, 48 ಅಥವಾ 72 ವ್ಯಾಟ್ ಅವರ್‌ನ ಅಳತೆಗಳಲ್ಲಿ ಸಿಗುತ್ತದೆ. ನನ್ನ ಯಂತ್ರದಲ್ಲಿ ಎರಡೂ ತಮ್ಮ ಮೂಲ ಸಾಮರ್ಥ್ಯದ ಅರ್ಧದಷ್ಟನ್ನು ಕಳೆದುಕೊಂಡಿದ್ದವು. ಕಂಪನಿಯದೇ ಆದ ಒರಿಜಿನಲ್ ಕೊಳ್ಳುವುದೋ, ಬೇರೆಯವರು ಇದಕ್ಕೆ ಹೊಂದುವಂತೆ ತಯಾರಿಸಿದ ಕಂಪ್ಯಾಟಿಬಲ್ ಸಾಕೋ ಎಂಬ ಪ್ರಶ್ನೆಗೆ ಎರಡೂ ಬ್ಯಾಟರಿಗಳಿಗೆ ಸೇರಿ ಒಂದೇ ಉತ್ತರ ಇರಬೇಕಾಗಿಲ್ಲ ಎಂಬುದು ಕೆಲಸ ಮುಂದುವರಿದಂತೆ ಖಚಿತವಾಯಿತು.

ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಮೊದಲು ಕೇಳಿಸುವ ಮಾತು 'ಎಷ್ಟು ಗಂಟೆ ಬ್ಯಾಕಪ್' ಎಂಬುದು. ಆದರೆ ಬ್ಯಾಕಪ್ ಎಂಬುದು ಪರದೆಯ ಬೆಳಕು ಮತ್ತು ನಾವು ಮಾಡುವ ಕೆಲಸವನ್ನು ಅವಲಂಬಿಸಿ ಬದಲಾಗುವುದರಿಂದ ಅದನ್ನು ಬದಿಗಿಟ್ಟು ಲೇಬಲ್ಲಿನ ಅಂಕಿಗಳನ್ನೇ ಓದುವುದು ಒಳ್ಳೆಯದು. ವೋಲ್ಟೇಜನ್ನು ಆಂಪಿಯರ್ ಅವರ್‌ನಿಂದ ಗುಣಿಸಿದರೆ ವ್ಯಾಟ್ ಅವರ್ ಸಿಗುತ್ತದೆ. 10.8 ವೋಲ್ಟ್, 4400 ಮಿಲಿಆಂಪಿಯರ್ ಅವರ್ (ಅಂದರೆ 4.4 ಆಂಪಿಯರ್ ಅವರ್) ಎಂದು ಬರೆದಿರುವ ಬ್ಯಾಟರಿ ಪ್ಯಾಕ್‌ನ ಸಾಮರ್ಥ್ಯ 47.5 ವ್ಯಾಟ್ ಅವರ್. ಅಂದರೆ ಒಳಗಿರುವ ಆರು ಸೆಲ್‌ಗಳು ಮೂರರ ಎರಡು ಸಾಲುಗಳಾಗಿ ಜೋಡಣೆಗೊಂಡಿದ್ದು, ಪ್ರತಿಯೊಂದೂ 2200 ಮಿಲಿಆಂಪಿಯರ್ ಅವರ್‌ನದು. ಇಂಥ ಆರು ಸೆಲ್‌ನ ಹೊರಬ್ಯಾಟರಿಯಲ್ಲಿ ಬಳಸುವ 18650 ಸೆಲ್‌ಗೆ ಆ ಹೆಸರು ಬಂದಿರುವುದು 18 ಮಿಲಿಮೀಟರ್ ವ್ಯಾಸ ಮತ್ತು 65 ಮಿಲಿಮೀಟರ್ ಉದ್ದದಿಂದ. ಈ ಗಾತ್ರದಲ್ಲಿ ಸಾಮಾನ್ಯವಾಗಿ ಸಿಗುವ ಉತ್ತಮ ಸೆಲ್‌ಗಳು ಕೂಡ ಸುಮಾರು 3500 ಮಿಲಿಆಂಪಿಯರ್ ಅವರ್‌ಗೆ ನಿಲ್ಲುತ್ತವೆ. ಹೀಗಾಗಿ ಆರು ಸೆಲ್‌ನ ಪ್ಯಾಕ್ 7000 ಮಿಲಿಆಂಪಿಯರ್ ಅವರ್, ಅಂದರೆ 76 ವ್ಯಾಟ್ ಅವರ್‌ನ ಆಸುಪಾಸಿನಲ್ಲೇ ಮುಗಿಯಬೇಕು. 7800 ಮಿಲಿಆಂಪಿಯರ್ ಅವರ್ ಎಂದು ದೊಡ್ಡಕ್ಷರದಲ್ಲಿ ಅಚ್ಚಾಗಿದ್ದ ಆರು ಸೆಲ್‌ನ ಪ್ಯಾಕ್ ಒಂದನ್ನು ಈ ಲೆಕ್ಕ ಹಾಕಿಯೇ ಬಿಟ್ಟುಬಂದೆ. ಸೆಲ್ ಎಂಥದ್ದೆಂದು ಪ್ಯಾಕ್ ಒಡೆಯದೆ ನೋಡಲಾಗದು, ಆದರೆ ಅಸಾಧ್ಯವೆನಿಸುವಷ್ಟನ್ನು ಬರೆದಿರುವವರು ಉಳಿದ ವಿಷಯಗಳಲ್ಲಿ ಸತ್ಯ ಹೇಳಿದ್ದಾರೆಂದು ನಂಬಲು ಕಾರಣವಿಲ್ಲ.

ಲೇಬಲ್ಲಿನಲ್ಲಿ ನೋಡಬೇಕಾದ ಇನ್ನೊಂದು ಸಂಗತಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು. ಭಾರತದಲ್ಲಿ ಇಂಥ ಬ್ಯಾಟರಿಗಳಿಗೆ ಐಎಸ್ 16046 ಮಾನಕದಡಿ ನೋಂದಣಿ ಕಡ್ಡಾಯವಾಗಿದ್ದು, ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ವಿವರ ಕಾಣಿಸುತ್ತದೆ. ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಈ ಪರೀಕ್ಷೆಯನ್ನು ಯಾರೂ ಬಿಡಬಾರದು.

ಒರಿಜಿನಲ್ ಎಂದ ಮಾತ್ರಕ್ಕೆ ನಿಶ್ಚಿಂತೆಯೇನೂ ಇಲ್ಲ. 2006ರಲ್ಲಿ ಸೋನಿ ತಯಾರಿಸಿದ ಸೆಲ್‌ಗಳೊಳಗೆ ಸೂಕ್ಷ್ಮ ಲೋಹದ ಕಣಗಳು ಸೇರಿಕೊಂಡಿದ್ದುದರಿಂದ ಡೆಲ್ ಒಂದೇ ಸುಮಾರು 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಅವೆಲ್ಲ ಕಂಪನಿಯ ಮುದ್ರೆಯಿದ್ದ ಒರಿಜಿನಲ್ ಬ್ಯಾಟರಿಗಳೇ. ಹಳೆಯ ಮಾದರಿಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ: ಲಿಥಿಯಂ ಅಯಾನ್ ಸೆಲ್ ಬಳಸದೆ ಇಟ್ಟರೂ ಮುಪ್ಪಾಗುತ್ತದೆ, ಅದರಲ್ಲೂ ಪೂರ್ತಿ ಚಾರ್ಜ್ ಆಗಿ ಬಿಸಿಯಾದ ಗೋದಾಮಿನಲ್ಲಿದ್ದರೆ ಬೇಗ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಒರಿಜಿನಲ್‌ಗಿಂತ ಇತ್ತೀಚೆಗೆ ತಯಾರಾದ ಒಳ್ಳೆಯ ಕಂಪ್ಯಾಟಿಬಲ್ ಹೆಚ್ಚು ಬಾಳಬಹುದು, ಆದ್ದರಿಂದ ತಯಾರಿಕೆಯ ದಿನಾಂಕ ನೋಡದೆ ಯಾವುದಕ್ಕೂ ಹಣ ಕೊಡಬಾರದು. ಬ್ಯಾಟರಿಯ ಚಿಪ್ ಕಂಪ್ಯೂಟರಿಗೆ ಹೇಳುವ ತಯಾರಕರ ಹೆಸರೂ ಪುರಾವೆಯಲ್ಲ. ಆ ಹೆಸರನ್ನು ಚಿಪ್‌ಗೆ ಯಾರು ಬೇಕಾದರೂ ಬರೆಯಬಹುದು. (ಇನ್ನೂ ಹಳೆಯ ಥಿಂಕ್‌ಪ್ಯಾಡ್‌ಗಳಾದ ಟಿ430 ಮತ್ತು ಎಕ್ಸ್230 ಇರುವವರಿಗೆ ಒಂದು ಮಾತು: ಆ ಯಂತ್ರಗಳ ನಿಯಂತ್ರಕ ಬ್ಯಾಟರಿಯ ಗುರುತನ್ನು ಪರೀಕ್ಷಿಸಿ, ತನಗೆ ಒಪ್ಪಿಗೆಯಾಗದ್ದನ್ನು ಚಾರ್ಜ್ ಮಾಡಲು ನಿರಾಕರಿಸುತ್ತದೆ. ಅಲ್ಲಿ ಆಯ್ಕೆಯ ಅವಕಾಶವೇ ಕಿರಿದು.)

ಒಳಬ್ಯಾಟರಿಗೆ ಬಿಲ್ ಸಹಿತ ಒರಿಜಿನಲ್ ಅನ್ನೇ ತರಿಸಿದೆ. ಅದರಲ್ಲಿರುವುದು ಲೋಹದ ಕವಚದ ಸೆಲ್‌ಗಳಲ್ಲ, ಚಪ್ಪಟೆಯಾದ ಮೆದು ಪೌಚ್ ಸೆಲ್‌ಗಳು. ಅವು ಅಂಗೈ ಊರುವ ಭಾಗದ ಕೆಳಗೆ, ಟಚ್‌ಪ್ಯಾಡ್‌ನ ಆಸುಪಾಸಿನಲ್ಲಿ ಕೂರುತ್ತವೆ. ಉಬ್ಬಲು ಆರಂಭಿಸಿದರೆ ಟಚ್‌ಪ್ಯಾಡ್ ಬಿಗಿಯಾಗುವವರೆಗೆ ಅಥವಾ ಕೆಳಗಿನ ಮುಚ್ಚಳ ಬಾಗುವವರೆಗೆ ಹೊರಗೆ ಏನೂ ತಿಳಿಯುವುದಿಲ್ಲ. ಕಣ್ಣಿಗೆ ಬೀಳದ ಜಾಗದಲ್ಲಿ, ಕೈಯ ಕೆಳಗೇ ಇರುವ ವಸ್ತುವಿನಲ್ಲಿ ಹಣ ಉಳಿಸಲು ನನಗೆ ಮನಸ್ಸಿಲ್ಲ. ಜೋಡಣೆ ಕಷ್ಟದ್ದೇನಲ್ಲ: ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಲ್ಲಿ) ಒಳಬ್ಯಾಟರಿಯನ್ನು ನಿಷ್ಕ್ರಿಯಗೊಳಿಸುವ ಆಯ್ಕೆಯಿದೆ, ಅದನ್ನು ಒತ್ತಿ, ಹೊರಬ್ಯಾಟರಿ ತೆಗೆದು, ಬಳಿಕವೇ ಮುಚ್ಚಳ ಬಿಚ್ಚಬೇಕು.

ಹೊರಬ್ಯಾಟರಿಗೆ 47.5 ವ್ಯಾಟ್ ಅವರ್‌ನ ಕಂಪ್ಯಾಟಿಬಲ್ ತಂದೆ. ಅದರ ಬೆಲೆ ಒರಿಜಿನಲ್‌ನ ಅರ್ಧಕ್ಕೂ ಕಡಿಮೆ. ಈ ಯಂತ್ರ ಮೊದಲು ಹೊರಬ್ಯಾಟರಿಯನ್ನು ಖಾಲಿ ಮಾಡಿ ಆಮೇಲೆ ಒಳಗಿನದಕ್ಕೆ ಕೈಹಾಕುವುದರಿಂದ ಸವೆತ ಹೆಚ್ಚಾಗಿ ಬೀಳುವುದು ಹೊರಗಿನದರ ಮೇಲೆಯೇ. ಅನುಮಾನ ಬಂದ ಕ್ಷಣದಲ್ಲಿ ಅದನ್ನು ಕಳಚಿ ದೂರವಿಡಲೂಬಹುದು.

ಈ ಹಂತದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟಿದ್ದು ಅಳತೆಯ ಕೆಲಸ. ಹೊಸ ಬ್ಯಾಟರಿ ತನ್ನ ಸಾಮರ್ಥ್ಯವನ್ನು ತಾನೇ ಹೇಳಿಕೊಳ್ಳುತ್ತದೆ. ಆ ಮಾತನ್ನು ನಂಬುವುದು ಹೇಗೆ? ಯಂತ್ರದಲ್ಲಿ ಎರಡು ಬ್ಯಾಟರಿಗಳಿರುವುದರಿಂದ ಒಂದನ್ನು ಇನ್ನೊಂದಕ್ಕೆ ಸಾಕ್ಷಿಯಾಗಿ ನಿಲ್ಲಿಸಬಹುದು. ಪರದೆಯ ಬೆಳಕನ್ನು ಒಂದೇ ಮಟ್ಟದಲ್ಲಿಟ್ಟು, ವೈಫೈ ಆರಿಸಿ, ಒಂದೇ ವಿಡಿಯೊವನ್ನು ಮರಳಿ ಮರಳಿ ಓಡಿಸಿ, ಮೊದಲು ಒಳಬ್ಯಾಟರಿಯೊಂದರಿಂದಲೇ, ನಂತರ ಹೊರಗಿನದರಿಂದ ಖರ್ಚಾಗುವ ವ್ಯಾಟ್‌ಗಳನ್ನು ಲಿನಕ್ಸ್‌ನಲ್ಲಿ ದಾಖಲಿಸಿದೆ. ಒರಿಜಿನಲ್ ಸರಾಸರಿ 7.2 ವ್ಯಾಟ್ ತೋರಿಸಿದ ಅದೇ ಹೊರೆಗೆ ಕಂಪ್ಯಾಟಿಬಲ್ 7.5 ತೋರಿಸಿತು, ಅಂದರೆ ಅದರ ಮಾಪಕ ಚಿಪ್ ಸುಮಾರು ಶೇಕಡಾ 4ರಷ್ಟು ಹೆಚ್ಚು ಎಣಿಸುತ್ತಿದೆ. ಅದು ಹೇಳಿಕೊಂಡ 45.1 ವ್ಯಾಟ್ ಅವರ್ ಅನ್ನು ಆ ಪ್ರಮಾಣದಲ್ಲಿ ತಗ್ಗಿಸಿದರೆ 43.3 ಉಳಿಯುತ್ತದೆ, ಲೇಬಲ್ಲಿನ ಶೇಕಡಾ 91. ಆ ಬೆಲೆಗೆ ಇದು ಒಪ್ಪತಕ್ಕ ಫಲಿತಾಂಶ. ಆದರೆ ಕೊನೆಯ ಭಾಗದಲ್ಲಿ ಚಾರ್ಜ್ ಸೂಚಿ ಶೇಕಡಾ 15ರಿಂದ ಒಮ್ಮೆಲೇ 7ಕ್ಕೆ ಜಾರಿತು. ಚಿಪ್‌ನಲ್ಲಿರುವ ಲೆಕ್ಕ ಒಳಗಿನ ಸೆಲ್‌ಗಳ ಸ್ವಭಾವಕ್ಕೆ ಸರಿಯಾಗಿ ಹೊಂದಿಕೆಯಾಗದಿರುವಾಗ ಹೀಗಾಗುತ್ತದೆ. ಒಳಬ್ಯಾಟರಿ ಬೆನ್ನಿಗಿರುವವರೆಗೆ ಇದರಿಂದ ಕೆಲಸ ಕೆಡುವುದಿಲ್ಲ, ಆದರೆ ಒಂದೇ ಬ್ಯಾಟರಿಯ ಲ್ಯಾಪ್‌ಟಾಪ್‌ನಲ್ಲಿ ಬರೆಯುತ್ತಿದ್ದುದು ಅರ್ಧಕ್ಕೇ ನಿಂತುಹೋದೀತು.

ಮೇಜಿನ ಮೇಲೆ ಸದಾ ಚಾರ್ಜರ್‌ಗೆ ಸಿಕ್ಕಿಸಿರುವ ಯಂತ್ರವಾದ್ದರಿಂದ ಎರಡೂ ಬ್ಯಾಟರಿಗಳ ಚಾರ್ಜ್ ಶೇಕಡಾ 80ಕ್ಕೆ ನಿಲ್ಲುವಂತೆ ಮಿತಿ ಹಾಕಿದ್ದೇನೆ. ಕಂಪ್ಯಾಟಿಬಲ್ ಆ ಮಿತಿಯನ್ನು ಪಾಲಿಸುತ್ತಿದೆ. ತೆಗೆದ ಹಳೆಯ ಬ್ಯಾಟರಿಗಳ ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಲು ಬೇರೆ ಇಟ್ಟಿದ್ದೇನೆ. ಮುಂದಿನ ಬೇಸಿಗೆ ಕಳೆದ ಮೇಲೆ ಇದೇ ಹೊರೆ, ಇದೇ ವಿಡಿಯೊ ಇಟ್ಟುಕೊಂಡು ಎರಡನ್ನೂ ಮತ್ತೆ ಅಳೆಯಬೇಕು. ಕಂಪ್ಯಾಟಿಬಲ್ ಅಷ್ಟರಲ್ಲಿ 38 ವ್ಯಾಟ್ ಅವರ್‌ಗಿಂತ ಕೆಳಗಿಳಿದಿದ್ದರೆ ಅದರ ಜಾಗಕ್ಕೆ 72 ವ್ಯಾಟ್ ಅವರ್‌ನ ಒರಿಜಿನಲ್ ತರುವುದೆಂದು ಗುರುತು ಹಾಕಿಟ್ಟಿದ್ದೇನೆ.