ತುಲೂಸಿನ ಇಂಗ್ಲಿಷ್: ದೊಡ್ಡ ಪದ ಸುಲಭ, ಸಣ್ಣ ಪದ ಕಷ್ಟ

ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಕಲಿತವರಿಗೆ ಒಂದು ಕ್ರಮ ರೂಢಿಯಾಗಿರುತ್ತದೆ. ಮೊದಲು ಕಮ್, ಗೋ, ಗಿವ್, ಗೆಟ್ ಬರುತ್ತವೆ. ಕಮೆನ್ಸ್, ಟಾಲರೇಟ್, ಅಬ್ಯಾಂಡನ್ ಮುಂತಾದವು ಎಷ್ಟೋ ವರ್ಷಗಳ ನಂತರ, ಅರ್ಜಿ ಬರೆಯುವ ವಯಸ್ಸಿಗೆ ಬರುತ್ತವೆ. ಫ್ರಾನ್ಸಿನ ತುಲೂಸ್ ನಗರಕ್ಕೆ ಬಂದು, ವಿಮಾನಗಳ ತಾಂತ್ರಿಕ ದಾಖಲೆಗಳನ್ನು ಸಿದ್ಧಪಡಿಸುವ ಕಚೇರಿಯೊಂದಕ್ಕೆ ಸೇರಿದ ಮೇಲೆ, ಈ ಕ್ರಮವು ಪೂರ್ತಿ ತಲೆಕೆಳಗಾಗಿರುವ ಜನರ ನಡುವೆ ನಾನು ಕೆಲಸ ಮಾಡುತ್ತಿದ್ದೇನೆ. ಇಲ್ಲಿಯ ಸಹೋದ್ಯೋಗಿಗಳಿಗೆ ‘ಟಾಲರೇಟ್’ ಎಂಬುದು ಕಲಿಯದೆಯೇ ಬರುವ ಪದ. ಅದೇ ಅರ್ಥದ ‘ಪುಟ್ ಅಪ್ ವಿತ್’ ಎಂಬುದನ್ನು ಕೇಳಿದರೆ, ಕಾಲೇಜು ಮುಗಿಸಿ ಬಂದ ಎಂಜಿನಿಯರುಗಳೂ ಎದುರಿನವರ ಮುಖ ನೋಡುತ್ತಾರೆ.

ಇದಕ್ಕೆ ಕಾರಣ 1066ರಷ್ಟು ಹಳೆಯದು. ಆ ವರ್ಷ ನಾರ್ಮಂಡಿಯ ಡ್ಯೂಕ್ ವಿಲಿಯಂ ಹೇಸ್ಟಿಂಗ್ಸ್ ಕದನದಲ್ಲಿ ಗೆದ್ದು ಇಂಗ್ಲೆಂಡಿನ ದೊರೆಯಾದ ಮೇಲೆ, ಅಲ್ಲಿಯ ಆಸ್ಥಾನ, ನ್ಯಾಯಾಲಯ ಮತ್ತು ಮೇಲ್ವರ್ಗದ ಮನೆಗಳಲ್ಲಿ ಫ್ರೆಂಚ್ ನುಡಿ ಶತಮಾನಗಳ ಕಾಲ ನೆಲೆ ನಿಂತಿತು. ನ್ಯಾಯಾಲಯದ ವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಕಾನೂನು ಬಂದದ್ದು 1362ರಲ್ಲಿ. ಬ್ರಿಟನ್ನಿನ ಸಂಸತ್ತು ಅಂಗೀಕರಿಸಿದ ಮಸೂದೆಗೆ ದೊರೆಯ ಒಪ್ಪಿಗೆಯನ್ನು ಇಂದಿಗೂ ನಾರ್ಮನ್ ಫ್ರೆಂಚಿನಲ್ಲಿಯೇ ಸಾರುತ್ತಾರೆ ಎಂದು ಇಲ್ಲಿಯವರಿಗೆ ಹೇಳಿದರೆ, ಅವರ ಮುಖದಲ್ಲಿ ಮೂಡುವ ಸಂತೋಷವನ್ನು ನೋಡಬೇಕು. ಹೀಗೆ ಹೊಲದ, ಅಡುಗೆಮನೆಯ, ಬೀದಿಯ ಮಾತುಗಳು ಹಳೆಯ ಇಂಗ್ಲಿಷಿನವಾಗಿಯೇ ಉಳಿದು, ಅಧಿಕಾರದ ಮತ್ತು ವಿದ್ಯೆಯ ಮಾತುಗಳು ಫ್ರೆಂಚಿನಿಂದ ಇಲ್ಲವೇ ಅದರ ಮೂಲವಾದ ಲ್ಯಾಟಿನ್‌ನಿಂದ ಬಂದವು. ಆಸ್ಕ್ ಬಾಯಿಮಾತಿನದು, ಇಂಟರಾಗೇಟ್ ಪೊಲೀಸ್ ಠಾಣೆಯದು. ಹೆಲ್ಪ್ ಎಲ್ಲರದು, ಅಸಿಸ್ಟ್ ಕಚೇರಿಯದು. ಬೈ ಅಂಗಡಿಯದು, ಪರ್ಚೇಸ್ ರಸೀದಿಯದು. ವಿಲ್ ಅಂಡ್ ಟೆಸ್ಟಮೆಂಟ್ ಎಂದು ಮರಣಶಾಸನದ ಹೆಸರಿನಲ್ಲಿಯೇ ಎರಡೂ ಮೂಲದ ಪದಗಳು ಜೋಡಿಯಾಗಿ ನಿಂತಿವೆ.

ಆದರೆ ಫ್ರೆಂಚರಿಗೆ ಈ ದೊಡ್ಡ ಪದಗಳು ದೊಡ್ಡವಲ್ಲ. ‘ಕೊಮಾಂಸೆ’ ಎಂದು ಅವರ ಮಕ್ಕಳೂ ಆಟ ಶುರುಮಾಡುವಾಗ ಹೇಳುತ್ತಾರೆ. ‘ದೆಸಾಂದ್ರ್’ ಎಂದರೆ ಬಸ್ಸಿನಿಂದಲೋ ಮೆಟ್ಟಿಲಿನಿಂದಲೋ ಇಳಿಯುವುದಷ್ಟೇ. ನಮ್ಮ ಊಟ, ನೀರು, ಮನೆ ಎಂಬ ಪದಗಳು ಬೇರೊಂದು ನುಡಿಗೆ ಹೋಗಿ, ಅಲ್ಲಿ ಆಮಂತ್ರಣ ಪತ್ರಿಕೆಗಳಲ್ಲಿ ಮತ್ತು ರಾಜ್ಯಪಾಲರ ಭಾಷಣಗಳಲ್ಲಿ ಮಾತ್ರ ಬಳಕೆಯಾಗುತ್ತಿದ್ದರೆ, ಆ ನುಡಿಯನ್ನು ಕಲಿಯುವ ಕನ್ನಡಿಗನು ಅಂಗಡಿಯಲ್ಲಿ ಹೇಗೆ ಕೇಳಿಸುತ್ತಿದ್ದನೋ, ಇಂಗ್ಲಿಷಿನಲ್ಲಿ ಫ್ರೆಂಚರು ಹಾಗೆ ಕೇಳಿಸುತ್ತಾರೆ. ‘ಮುಂದಿನ ನಿಲ್ದಾಣದಲ್ಲಿ ಐ ಡಿಸೆಂಡ್’ ಎಂದು ಹೇಳುವ ನನ್ನ ಸಹೋದ್ಯೋಗಿಗೆ ಪಾಂಡಿತ್ಯ ತೋರಿಸುವ ಆಸೆ ಲವಲೇಶವೂ ಇಲ್ಲ. ಆಕೆ ತನಗೆ ತಿಳಿದ ಅತ್ಯಂತ ಸಾದಾ ಪದವನ್ನೇ ಆಡುತ್ತಿದ್ದಾಳೆ.

ಪದದ ತೂಕವೊಂದೇ ಏರುಪೇರಾದರೆ ನಕ್ಕು ಸುಮ್ಮನಾಗಬಹುದು. ಅರ್ಥವೂ ಸ್ವಲ್ಪ ಜರುಗಿರುವ ಕಡೆಯಲ್ಲಿ ಪೆಟ್ಟು ಬೀಳುತ್ತದೆ. ‘ದಮಾಂದೆ’ ಎಂದರೆ ಫ್ರೆಂಚಿನಲ್ಲಿ ಕೇಳುವುದು, ವಿನಯದಿಂದಲೇ ಕೇಳುವುದು. ಅದೇ ಪದ ಇಂಗ್ಲಿಷಿಗೆ ಹೋಗಿ ಡಿಮ್ಯಾಂಡ್ ಎಂಬ ಹಕ್ಕೊತ್ತಾಯವಾಗಿದೆ. ನಕ್ಷೆಯೊಂದನ್ನು ಕಳುಹಿಸಿಕೊಡಿ ಎಂದು ಕೇಳಲು ನಮ್ಮ ಕಚೇರಿಯ ತರುಣನೊಬ್ಬ ಬ್ರಿಟನ್ನಿನ ಎಂಜಿನಿಯರಿಗೆ ‘ಐ ಡಿಮ್ಯಾಂಡ್ ಯು’ ಎಂದು ಪತ್ರ ಬರೆದಾಗ, ನಕ್ಷೆಯ ಬದಲು ಆ ಎಂಜಿನಿಯರಿನ ಮೇಲಧಿಕಾರಿಯ ಉತ್ತರ ಬಂತು. ‘ಕಾರಣವನ್ನು ಐ ಇಗ್ನೋರ್’ ಎಂದರೆ ಫ್ರೆಂಚರ ಮನಸ್ಸಿನಲ್ಲಿ ಕಾರಣ ತಿಳಿಯದು ಎಂದಷ್ಟೇ ಅರ್ಥ. ಕೇಳುವವರಿಗೆ ಮಾತ್ರ, ಕಾರಣ ಗೊತ್ತಿದ್ದೂ ಲೆಕ್ಕಿಸುವುದಿಲ್ಲ ಎಂಬ ಉಡಾಫೆಯಾಗಿ ಕೇಳಿಸುತ್ತದೆ. ಸಭೆಗೆ ‘ಅಸಿಸ್ಟ್’ ಮಾಡಿದೆ ಎನ್ನುವವರು ಅಲ್ಲಿ ಬಾಯಿ ಬಿಡದೆ ಕುಳಿತಿದ್ದವರಾಗಿರಬಹುದು. ಫ್ರೆಂಚರು ಗರ್ವಿಗಳು ಎಂಬ ಮಾತಿನ ಒಂದು ಪಾಲಾದರೂ ಇಂತಹ ಕ್ರಿಯಾಪದಗಳಿಂದಲೇ ಹುಟ್ಟಿದ್ದು ಎಂಬುದು ನನ್ನ ಅನುಮಾನ.

ಇವರಿಗೆ ಮಾತಿನ ಮಟ್ಟಗಳ ಅರಿವೇ ಇಲ್ಲವೆಂದು ತಿಳಿಯಬಾರದು. ನುಡಿಯಲ್ಲಿ ಸಲಿಗೆಯ, ಸಾಮಾನ್ಯ ಮತ್ತು ಉನ್ನತ ಎಂಬ ಮೂರು ಮಟ್ಟಗಳಿವೆಯೆಂದು ಫ್ರೆಂಚ್ ಶಾಲೆಗಳಲ್ಲಿ ಪಾಠವೇ ನಡೆಯುತ್ತದೆ. ಕಾರಿಗೆ ಗೆಳೆಯರ ನಡುವೆ ‘ಬಾನ್ಯೋಲ್’, ಸಾಮಾನ್ಯವಾಗಿ ‘ವ್ವತ್ಯೂರ್’, ಕಾಗದಪತ್ರದಲ್ಲಿ ‘ಒತೊಮೊಬಿಲ್’ ಎಂಬ ವ್ಯತ್ಯಾಸವನ್ನು ಹತ್ತು ವರ್ಷದ ಮಗುವೂ ಬಲ್ಲದು. ‘ತ್ಯು’ ಮತ್ತು ‘ವು’ ನಡುವಿನ ಗೆರೆಯಂತೂ ನಮ್ಮ ನೀನು, ನೀವುಗಳ ಗೆರೆಯಷ್ಟೇ ಸೂಕ್ಷ್ಮ. ಈ ಸಂಸ್ಕಾರವಿರುವವರು ಇಂಗ್ಲಿಷಿಗೆ ಬಂದಾಗ, ಎಲ್ಲರಿಗೂ ಒಂದೇ ‘ಯು’ ಇರುವುದನ್ನು ಕಂಡು, ಗೌರವವನ್ನು ಎಲ್ಲಿಡಬೇಕೆಂದು ತಿಳಿಯದೆ, ಅದನ್ನು ಭಾರವಾದ ಪದಗಳಲ್ಲಿ ಇಡಲು ನೋಡುತ್ತಾರೆ. ಇಂಗ್ಲಿಷರಾದರೋ ಗೌರವವನ್ನು ಪದದ ತೂಕದಲ್ಲಿ ಇಡುವುದಕ್ಕಿಂತ ಹೆಚ್ಚಾಗಿ ವಾಕ್ಯದ ಸುತ್ತುಬಳಸಿನಲ್ಲಿ ಇಡುತ್ತಾರೆ. ‘ಕುಡ್ ಯು’, ‘ವುಡ್ ಯು ಮೈಂಡ್’, ‘ಐ ವಾಸ್ ವಂಡರಿಂಗ್’ ಎಂದು ಸುತ್ತಿ ಬರುವ ಆ ವಾಕ್ಯಗಳಲ್ಲಿ ಇರುವುದೆಲ್ಲವೂ ಸಣ್ಣ ಪದಗಳೇ.

ಕೆಳಗಿನ ಮೆಟ್ಟಿಲಿನ ಕಥೆಯೂ ಇದೆ. ಧಾರಾವಾಹಿಗಳನ್ನು ನೋಡಿ ಸಲಿಗೆಯ ಇಂಗ್ಲಿಷ್ ಕಲಿತ ಯುವಕರು ಒಮ್ಮೆಲೇ ಬೈಗುಳಕ್ಕೆ ಇಳಿಯುತ್ತಾರೆ. ಇದರಲ್ಲಿ ತುಲೂಸಿನ ನೆಲದ ಗುಣವೂ ಸೇರಿದೆ, ಏಕೆಂದರೆ ಈ ಸೀಮೆಯಲ್ಲಿ ಬೈಗುಳದ ಒಂದೆರಡು ಪದಗಳು ಅಲ್ಪವಿರಾಮ, ಪೂರ್ಣವಿರಾಮಗಳ ಕೆಲಸವನ್ನೇ ಮಾಡುತ್ತವೆ, ಯಾರಿಗೂ ಅವುಗಳಿಂದ ನೋವಾಗುವುದಿಲ್ಲ. ಅದೇ ಧಾರಾಳತನವನ್ನು ಇಂಗ್ಲಿಷಿಗೆ ಒಯ್ದರೆ ವೇಲ್ಸ್‌ನಿಂದ ಬಂದ ಅತಿಥಿಗಳು ಕಾಫಿ ಲೋಟ ಕೆಳಗಿಡುತ್ತಾರೆ. ಹೀಗೆ ಒಬ್ಬನೇ ವ್ಯಕ್ತಿ ಒಂದೇ ವಾಕ್ಯದಲ್ಲಿ ನ್ಯಾಯಾಧೀಶನಂತೆಯೂ ಲಾರಿ ಚಾಲಕನಂತೆಯೂ ಮಾತನಾಡುವುದನ್ನು ನಾನು ಕೇಳಿದ್ದೇನೆ. ನಡುವಿನ ಮೆಟ್ಟಿಲು, ಅಂದರೆ ಊಟದ ಮೇಜಿನ ಮೇಲೆ ಸಭ್ಯ ಜನ ಆಡುವ ಇಂಗ್ಲಿಷ್, ಅವರಿಗೆ ಎಲ್ಲಿಯೂ ಸಿಕ್ಕಿರುವುದಿಲ್ಲ.

ಆ ನಡುವಿನ ಮೆಟ್ಟಿಲು ಬಹುಪಾಲು ಕಟ್ಟಿರುವುದು ಅಪ್, ಆಫ್, ಔಟ್, ಇನ್‌ಟು ಎಂಬ ಚಿಕ್ಕ ಬಾಲಗಳುಳ್ಳ ಕ್ರಿಯಾಪದಗಳಿಂದ. ತುಲೂಸ್ ಏರ್‌ಬಸ್ ಸಂಸ್ಥೆಯ ಊರು. ಅದರ ಹೆಚ್ಚಿನ ವಿಮಾನಗಳ ರೆಕ್ಕೆಗಳು ಬ್ರಿಟನ್ನಿನ ವೇಲ್ಸ್‌ನ ಬ್ರಾಟನ್‌ನಲ್ಲಿ ತಯಾರಾಗುತ್ತವೆ, ಬೆಂಗಳೂರಿನಲ್ಲಿಯೂ ಅದರ ಎಂಜಿನಿಯರಿಂಗ್ ಕೇಂದ್ರವಿದೆ. ಆದ್ದರಿಂದ ಈ ಊರಿನ ಅನೇಕ ಸಣ್ಣ ಕಚೇರಿಗಳಂತೆ ನಮ್ಮಲ್ಲಿಯೂ ಒಂದೇ ಕರೆಯಲ್ಲಿ ಫ್ರೆಂಚರು, ಬ್ರಿಟಿಷರು ಮತ್ತು ನಮ್ಮವರು ಕೂಡುವುದುಂಟು. ‘ಪೋಸ್ಟ್‌ಪೋನ್’ ಎಂದು ಫ್ರೆಂಚರು ಅಂದರೆ ಬೆಂಗಳೂರಿನವರಿಗೆ ತಕ್ಷಣ ತಿಳಿಯುತ್ತದೆ. ‘ಪ್ರೀಪೋನ್’ ಎಂದು ಬೆಂಗಳೂರಿನವರು ಅಂದರೆ, ಆ ಪದವನ್ನು ಹಿಂದೆ ಕೇಳಿರದ ಫ್ರೆಂಚರೂ ಊಹಿಸಿಬಿಡುತ್ತಾರೆ. ಬ್ರಿಟಿಷ್ ಗೃಹಸ್ಥರು ‘ಅದು ಫೆಲ್ ಥ್ರೂ’ (ಕೈಗೂಡಲಿಲ್ಲ), ‘ಇದನ್ನು ಪುಟ್ ಆಫ್ ಮಾಡೋಣ’ (ಮುಂದೂಡೋಣ) ಎಂದಾಗ ಎರಡೂ ಕಡೆ ಮೌನ. ಇಂಗ್ಲಿಷ್ ಮನೆಮಾತಾಗಿರುವ ಒಬ್ಬರೇ ಒಬ್ಬರು ಆ ಕರೆಯಲ್ಲಿ ಅರ್ಥವಾಗದವರಾಗಿ ಉಳಿಯುತ್ತಾರೆ. ನಮ್ಮವರ ಇಂಗ್ಲಿಷ್ ಬಿಗಿಯಾಗಿರುವುದಕ್ಕೆ ಕಡತ ಮತ್ತು ಪಠ್ಯಪುಸ್ತಕ ಕಾರಣ, ಫ್ರೆಂಚರದಕ್ಕೆ ತಾಯ್ನುಡಿ ಕಾರಣ. ದಾರಿ ಬೇರೆಯಾದರೂ ತಲುಪಿರುವ ಊರು ಬಹುಮಟ್ಟಿಗೆ ಒಂದೇ.

ನಾನು ಮಾಡುವ ಕೆಲಸದಲ್ಲಿ ಫ್ರೆಂಚರ ಈ ಸ್ವಭಾವ ಅನುಕೂಲವೇ ಆಗಿದೆ. ವಿಮಾನಗಳ ನಿರ್ವಹಣಾ ಕೈಪಿಡಿಗಳನ್ನು ‘ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್’ ಎಂಬ ಕಟ್ಟುಪಾಡಿನ ಇಂಗ್ಲಿಷಿನಲ್ಲಿ ಬರೆಯುತ್ತೇವೆ. 1980ರ ದಶಕದಲ್ಲಿ ಯುರೋಪಿನ ವಿಮಾನೋದ್ಯಮವು ರೂಪಿಸಿದ ಈ ಪದ್ಧತಿಯ ನಿಘಂಟಿನಲ್ಲಿ ಸುಮಾರು 900 ಸಾಮಾನ್ಯ ಪದಗಳಿಗೆ ಮಾತ್ರ ಅನುಮತಿಯಿದೆ. ಒಂದು ಪದಕ್ಕೆ ಸಾಧ್ಯವಾದ ಮಟ್ಟಿಗೆ ಒಂದೇ ಅರ್ಥ, ಸೂಚನೆಯ ವಾಕ್ಯದಲ್ಲಿ 20 ಪದಗಳ ಮಿತಿ. ಬಿಗಿನ್, ಕಮೆನ್ಸ್, ಇನಿಶಿಯೇಟ್‌ಗಳನ್ನು ತೆಗೆದು ಸ್ಟಾರ್ಟ್ ಒಂದನ್ನೇ ಉಳಿಸಿಕೊಂಡಿರುವುದರಿಂದ ಫ್ರೆಂಚರು ಅಲ್ಲಿ ಸ್ವಲ್ಪ ಕಳೆದುಕೊಳ್ಳುತ್ತಾರೆ. ಆದರೆ ಬಾಲವುಳ್ಳ ಕ್ರಿಯಾಪದಗಳನ್ನು ಕಟ್ಟಬಾರದೆಂಬ ನಿಯಮವೂ ಅದರಲ್ಲಿದೆ. ಬೆಂಕಿಯನ್ನು ‘ಪುಟ್ ಔಟ್’ ಮಾಡುವಂತಿಲ್ಲ, ‘ಎಕ್ಸ್‌ಟಿಂಗ್ವಿಶ್’ ಮಾಡಬೇಕು. ಹಗಲೆಲ್ಲ ಇದನ್ನು ತಪ್ಪಿಲ್ಲದೆ ಬರೆಯುವವರು ಸಂಜೆ ಬ್ರಿಟಿಷ್ ಅತಿಥಿಗಳೊಂದಿಗೆ ಊಟಕ್ಕೆ ಕುಳಿತಾಗ ಮಾತು ಸಾಗದೆ ಪರದಾಡುತ್ತಾರೆ.

ಪರೀಕ್ಷೆಗಳಿಂದಲೂ ಹೆಚ್ಚಿನ ಪ್ರಯೋಜನವಾಗುತ್ತಿಲ್ಲ. ಫ್ರಾನ್ಸಿನಲ್ಲಿ ಎಂಜಿನಿಯರ್ ಪದವಿಗೆ ಇಂಗ್ಲಿಷಿನಲ್ಲಿ ಬಿ2 ಮಟ್ಟ, ಅಂದರೆ ಯುರೋಪಿನ ಭಾಷಾ ಅಳತೆಗೋಲಿನಲ್ಲಿ ಸ್ವತಂತ್ರವಾಗಿ ವ್ಯವಹರಿಸಬಲ್ಲ ಮಟ್ಟ, ಬೇಕು. ಅದನ್ನು ತೋರಿಸಲು ಹೆಚ್ಚಿನವರು ಟೊಯಿಕ್ ಎಂಬ, ಉದ್ಯೋಗದ ಇಂಗ್ಲಿಷನ್ನು ಅಳೆಯುವ ಪರೀಕ್ಷೆ ಬರೆದು, 990 ಅಂಕಗಳಲ್ಲಿ 785 ಗಳಿಸಲು ಹೆಣಗುತ್ತಾರೆ. ಅವರು ಬರೆಯುವ ಆ ಪರೀಕ್ಷೆಯಲ್ಲಿ ಇರುವುದು ಕೇಳಿ ಮತ್ತು ಓದಿ ಸರಿಯುತ್ತರ ಗುರುತಿಸುವ ಕೆಲಸ ಮಾತ್ರ. ಬಾಯಿ ತೆರೆಯಬೇಕಾಗಿಲ್ಲ, ಯಾರಿಗೆ ಯಾವ ಪದ ಸಲ್ಲುತ್ತದೆಂದು ಆರಿಸಿ ಬರೆಯಬೇಕಾಗಿಯೂ ಇಲ್ಲ. ಐರ್ಲೆಂಡಿನಲ್ಲಿ ಒಂದು ಅರ್ಧವರ್ಷ ಓದಿ ಬಂದ ವಿದ್ಯಾರ್ಥಿಗಳು ತರಬೇತಿಗಾಗಿ ನಮ್ಮಲ್ಲಿಗೆ ಬಂದಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ಅವರ ಉಚ್ಚಾರಣೆ ಹೆಚ್ಚೇನೂ ಬದಲಾಗಿರುವುದಿಲ್ಲ, ವ್ಯಾಕರಣದ ತಪ್ಪುಗಳೂ ಹಾಗೆಯೇ ಇರುತ್ತವೆ. ಆದರೆ ‘ರಿಸಾಲ್ವ್’ ಎನ್ನುವ ಕಡೆ ‘ಸಾರ್ಟ್ ಔಟ್’ ಎನ್ನುತ್ತಾರೆ, ಮತ್ತು ಬ್ರಾಟನ್‌ನ ಕರೆ ಬಂದಾಗ ಹಿರಿಯ ಎಂಜಿನಿಯರುಗಳು ಫೋನನ್ನು ಅವರ ಕೈಗೆ ಕೊಡುತ್ತಾರೆ.