ಮಾತ್ರೆ ಬೇಡ, ಮನೆಮದ್ದು ಹೇಳಿ ಅನ್ನುವವರಿಗೆ

ಶಿವಮೊಗ್ಗದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ದಿನಕ್ಕೆ ಒಬ್ಬರಾದರೂ ಬಂದು ಕೇಳುತ್ತಾರೆ: "ಅಣ್ಣಾ, ಮಾತ್ರೆ ಬೇಡ. ಶೀತಕ್ಕೆ ಏನಾದರೂ ಮನೆಮದ್ದು ಹೇಳಿ. ಅದರಲ್ಲೇ ವಾಸಿ ಆಗುತ್ತೆ ಅಲ್ವಾ?"

ಆಗುತ್ತೆ. ಏನೂ ಕುಡಿಯದಿದ್ದರೂ ಆಗುತ್ತೆ. ಶೀತ ಬರುವುದು ವೈರಸ್‌ನಿಂದ. ವಾರ, ಹತ್ತು ದಿನದಲ್ಲಿ ತಾನಾಗಿಯೇ ಹೋಗುತ್ತದೆ. ಕೆಮ್ಮು ಮಾತ್ರ ಮೂರು ವಾರ ಎಳೆದರೂ ಎಳೆಯಬಹುದು. ಕಷಾಯ ಕುಡಿದರೂ ಅಷ್ಟೇ, ನಾನು ಮಾರುವ ಮಾತ್ರೆ ನುಂಗಿದರೂ ಅಷ್ಟೇ. ಆದರೆ ಅವುಗಳಿಂದ ಆ ದಿನಗಳು ಸ್ವಲ್ಪ ಹಾಯಾಗಿ ಕಳೆಯುತ್ತವೆ, ನಿದ್ದೆ ಬರುತ್ತದೆ. ನನಗೆ ಅಷ್ಟು ಸಾಕು.

ನಮ್ಮ ಮನೆಯಲ್ಲಿ ಕೆಮ್ಮು ಶುರುವಾದರೆ ಅಮ್ಮ ಹಿತ್ತಲಿಗೆ ಹೋಗಿ ನಾಲ್ಕು ದೊಡ್ಡಪತ್ರೆ ಎಲೆ ಕಿತ್ತು ತರುತ್ತಾರೆ. ಕಾದ ಕಾವಲಿಯ ಮೇಲೆ ಹಾಕಿದರೆ ಎಲೆ ಮೆತ್ತಗಾಗಿ, ಅಡುಗೆಮನೆಯೆಲ್ಲ ಓಮದ ವಾಸನೆ. ಬಾಡಿದ ಎಲೆಯನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದು ಚಮಚ ರಸ. ಅದಕ್ಕೆ ಅಷ್ಟೇ ಜೇನುತುಪ್ಪ. ಎಲೆಯ ಬಗ್ಗೆ ನಾನು ವಾದ ಮಾಡುವುದಿಲ್ಲ. ಜೇನು ಮಾತ್ರ ಮಕ್ಕಳ ರಾತ್ರಿ ಕೆಮ್ಮನ್ನು ತಗ್ಗಿಸುವುದು ಪರೀಕ್ಷೆಗಳಲ್ಲೇ ಕಂಡಿದೆ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬಾರದು. ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾ ಕೂಸಿನ ಕರುಳಲ್ಲಿ ಬೆಳೆದು ವಿಷವಾಗಬಹುದು. ಈ ವಿಷಯಕ್ಕೆ ಎಷ್ಟೋ ಅಜ್ಜಿಯರ ಹತ್ತಿರ ಬೈಸಿಕೊಂಡಿದ್ದೇನೆ.

ಮನೆಮದ್ದು ಜಾಸ್ತಿಯಾದರೂ ತೊಂದರೆ. 2020ರಲ್ಲಿ ಕೊರೊನಾ ಬಂದಾಗ ಎಲ್ಲರಂತೆ ನಾನೂ ದಿನಕ್ಕೆ ಮೂರು ಲೋಟ ಶುಂಠಿ, ಕಾಳುಮೆಣಸಿನ ಕಷಾಯ ಇಳಿಸಿದೆ. ಹದಿನೈದು ದಿನಕ್ಕೆ ಎದೆಯುರಿ. ಕೊನೆಗೆ ನನ್ನ ಅಂಗಡಿಯ ಗ್ಯಾಸ್ ಮಾತ್ರೆಗೆ ನಾನೇ ಗಿರಾಕಿ! ಅದೇ ವರ್ಷ ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಲಿವರ್ ತೊಂದರೆ ಆಗಿದೆ ಎಂದು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನಾನಂತೂ ದಿನಾ ಕುಡಿಯಿರಿ ಎಂದು ಯಾರಿಗೂ ಹೇಳುವುದಿಲ್ಲ.

ಜೀವ ಉಳಿಸುವ ಮನೆಮದ್ದು ಬೇಕಾ? ಅದು ಉಪ್ಪು, ಸಕ್ಕರೆ, ನೀರು. ಭೇದಿಗೆ. 1971ರಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಎದ್ದಿತ್ತು. ನರಕ್ಕೆ ಏರಿಸುವ ಸಲೈನ್ ಸಾಲದೇ ಹೋದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರು ಕುಡಿಸಿದರು. ಶೇ 30ರ ಹತ್ತಿರ ಇದ್ದ ಸಾವು ಶೇ 4ಕ್ಕಿಂತ ಕೆಳಗೆ ಬಂತು. ಸಕ್ಕರೆ ಜೊತೆಗಿದ್ದರೆ ಕರುಳು ಉಪ್ಪನ್ನು ಒಳಗೆ ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ.

ಇದೇ ಉಪ್ಪು, ಸಕ್ಕರೆಯ ಸಿದ್ಧ ಪುಡಿಯಾದ ಓಆರ್‌ಎಸ್ ಪ್ಯಾಕೆಟ್ ಇದ್ದರೆ ಅದೇ ಒಳ್ಳೆಯದು. ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದೇ ಲೋಟಕ್ಕೆ ಸುರಿಯುವವರಿದ್ದಾರೆ. ಉಪ್ಪು ವಿಪರೀತವಾಗಿ ಮಗುವಿಗೆ ಅಪಾಯ. ಪ್ಯಾಕೆಟ್ ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟಸವಾಗಿರಲಿ, ಗೋಪುರ ಏರಿಸಬೇಡಿ. ಎದೆಹಾಲು, ಗಂಜಿ ನಿಲ್ಲಿಸಬೇಡಿ.

ಮಗು ಕುಡಿದದ್ದನ್ನೆಲ್ಲ ವಾಂತಿ ಮಾಡಿದರೆ, ಮಲದಲ್ಲಿ ರಕ್ತ ಕಂಡರೆ, ಉಚ್ಚೆ ಕಡಿಮೆಯಾಗಿ ಮಂಕು ಬಡಿದಂತೆ ಮಲಗಿದರೆ ನನ್ನ ಅಂಗಡಿಗೂ ಬರಬೇಡಿ. ನೇರ ಆಸ್ಪತ್ರೆಗೆ ಹೋಗಿ. ಮಗುವಿಗೆ ಎಚ್ಚರವಿದ್ದರೆ ದಾರಿಯುದ್ದಕ್ಕೂ ಅದೇ ನೀರನ್ನು ಚಮಚದಲ್ಲಿ ಒಂದೊಂದೇ ಗುಟುಕು ಕುಡಿಸುತ್ತಾ ಇರಿ.